ಬೇರೆ ಬೇರೆ ಫಾರ್ಮ್ಯಾಟ್ ಕ್ಲಿಪ್‌ಗಳು ಒಂದೇ ಟೈಮ್‌ಲೈನ್‌ನಲ್ಲಿ: ಪ್ರಾಜೆಕ್ಟ್ ಸೆಟ್ಟಿಂಗ್ ಯಾವುದಕ್ಕೆ ಹೊಂದಿಸ್ಬೇಕು?

ಒಂದೇ ಕಾರ್ಯಕ್ರಮನ ಮೂರು ಜನ ಮೂರು ತರ ಶೂಟ್ ಮಾಡಿ ತಂದ್ಕೊಡ್ತಾರೆ. ಒಬ್ಬರದ್ದು ಕ್ಯಾಮೆರಾ, 1920×1080, 25 ಎಫ್‌ಪಿಎಸ್, ಅಂದ್ರೆ ಸೆಕೆಂಡಿಗೆ 25 ಫ್ರೇಮ್. ಇನ್ನೊಬ್ಬರದ್ದು ಫೋನು, 4ಕೆ, 30. ಮತ್ತೊಬ್ಬರು ಫೋನನ್ನ ನೆಟ್ಟಗೆ ಹಿಡ್ಕೊಂಡು 60ರಲ್ಲಿ ತೆಗೆದಿರ್ತಾರೆ. ಜೊತೆಗೆ ಒಂದು ಸ್ಕ್ರೀನ್ ರೆಕಾರ್ಡಿಂಗ್ ಬೇರೆ. ಇದೆಲ್ಲನೂ ಟೈಮ್‌ಲೈನ್‌ಗೆ, ಅಂದ್ರೆ ಕ್ಲಿಪ್‌ಗಳನ್ನ ಸಾಲಾಗಿ ಜೋಡಿಸೋ ಪಟ್ಟಿಗೆ, ಎಳೆದು ಹಾಕಿದ್ರೆ ಈಗಿನ ಯಾವ ಎಡಿಟಿಂಗ್ ಸಾಫ್ಟ್‌ವೇರೂ ತಕರಾರು ಮಾಡಲ್ಲ, ಎಲ್ಲ ಪ್ಲೇ ಆಗತ್ತೆ, ಹಾಗಾಗಿ ಎಲ್ಲ ಸರಿ ಇದೆ ಅಂತಾನೇ ನಾವು ಅಂದ್ಕೊತೀವಿ. ಒಳಗೆ ಅದು ಪ್ರತಿ ಕ್ಲಿಪ್‌ನೂ ಪ್ರಾಜೆಕ್ಟಿನ ಅಳತೆಗೆ ಕುಗ್ಗಿಸಿ, ಹಿಗ್ಗಿಸಿ, ಫ್ರೇಮ್ ಸೇರಿಸಿ, ಫ್ರೇಮ್ ಕಿತ್ತು ಕೂರಿಸ್ತಾ ಇರತ್ತೆ.

ನಾನು ಒಂದ್ಸಲ ಒಂದು ಹಾಡಿನ ಕಾರ್ಯಕ್ರಮ ಎಡಿಟ್ ಮಾಡಿದ್ದೆ, ಹತ್ತಿರ ಹತ್ತಿರ ಎರಡು ಗಂಟೆದು. ಮೊದಲು ಕೈಗೆ ಸಿಕ್ಕಿದ್ದು ಫೋನ್ ಕ್ಲಿಪ್, ಅದನ್ನೇ ಎಳೆದು ಹಾಕ್ದೆ, ಸೆಟ್ಟಿಂಗ್ ಬದಲಾಯಿಸ್ಲಾ ಅಂತ ಸಾಫ್ಟ್‌ವೇರ್ ಕೇಳ್ತು, ಹೂಂ ಅಂದೆ, ಟೈಮ್‌ಲೈನ್ 30 ಆಗಿ ಕೂತ್ಕೊಂಡ್ತು. ಮುಖ್ಯ ಕ್ಯಾಮೆರಾ ಇದ್ದಿದ್ದು 25. ಎಡಿಟ್ ಪೂರ್ತಿ ಮುಗಿಸಿ ದೊಡ್ಡ ಟಿವಿಲಿ ಹಾಕಿ ನೋಡಿದಾಗ ಕ್ಯಾಮೆರಾ ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗೋ ಜಾಗದಲ್ಲೆಲ್ಲ ಚಿತ್ರ ಸಣ್ಣಗೆ ತಡವರಿಸ್ತಾ ಇತ್ತು. ಬಾಣದ ಕೀ ಒತ್ತಿ ಒಂದೊಂದೇ ಫ್ರೇಮ್ ನೋಡ್ದೆ. ಮೈಕ್ ಸ್ಟ್ಯಾಂಡಿನ ಅಂಚು ಫ್ರೇಮಿಗೆ ಸುಮಾರು 8 ಪಿಕ್ಸೆಲ್ ಸರೀತಿತ್ತು, 8, 8, 8, 8, 8, ಆಮೇಲೆ ಒಂದು ಫ್ರೇಮ್ ಅಲ್ಲಾಡದೆ ನಿಂತು, ಮತ್ತೆ 8. 25 ಫ್ರೇಮನ್ನ 30 ಮಾಡ್ಬೇಕು ಅಂದ್ರೆ ಪ್ರತಿ ಸೆಕೆಂಡಿಗೆ 5 ಫ್ರೇಮ್ ಎಲ್ಲಿಂದಾದ್ರೂ ಬರಬೇಕಲ್ಲ, ಅದು ಹಿಂದಿನ ಫ್ರೇಮನ್ನೇ ಎರಡೆರಡು ಸಲ ತೋರಿಸಿ ಲೆಕ್ಕ ಸರಿ ಮಾಡಿತ್ತು. ಆ ಎಡಿಟ್ ಪೂರ್ತಿ ಮತ್ತೆ ಮಾಡ್ಬೇಕಾಯ್ತು.

ಅವತ್ತಿಂದ ನಾನು ಮೊದಲು ನೋಡೋದು ಫ್ರೇಮ್ ರೇಟ್, ಆಮೇಲೆ ಮಿಕ್ಕಿದ್ದು. ಯಾಕಂದ್ರೆ ಸೈಜ್ ತಪ್ಪಾದ್ರೆ ಆಮೇಲೆ ಬದಲಾಯಿಸ್ಬಹುದು, ಬಣ್ಣ ತಪ್ಪಾದ್ರೂ ಸರಿ ಮಾಡ್ಕೋಬಹುದು, ಫ್ರೇಮ್ ರೇಟ್ ಮಾತ್ರ ಹಾಗಲ್ಲ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಮೀಡಿಯಾ ಪೂಲ್‌ಗೆ (ಕ್ಲಿಪ್‌ಗಳನ್ನ ತಂದು ಇಡೋ ಜಾಗ) ಕ್ಲಿಪ್ ಬಂದ ಮೇಲೆ ಪ್ರಾಜೆಕ್ಟಿನ ಟೈಮ್‌ಲೈನ್ ಫ್ರೇಮ್ ರೇಟ್ ಲಾಕ್ ಆಗತ್ತೆ. ಬೇರೆದು ಬೇಕು ಅಂದ್ರೆ ಹೊಸ ಟೈಮ್‌ಲೈನ್ ಮಾಡೋವಾಗ ‘ಯೂಸ್ ಪ್ರಾಜೆಕ್ಟ್ ಸೆಟ್ಟಿಂಗ್ಸ್’ ಟಿಕ್ ತೆಗೆದು ಫಾರ್ಮ್ಯಾಟ್ ಟ್ಯಾಬ್‌ನಲ್ಲಿ ಬದಲಾಯಿಸ್ಬೇಕು. ಫೈನಲ್ ಕಟ್ ಪ್ರೊದಲ್ಲಿ ಮೊದಲನೇ ಕ್ಲಿಪ್ ಹಾಕಿದ ಮೇಲೆ ಆ ಪ್ರಾಜೆಕ್ಟಿನ ಫ್ರೇಮ್ ರೇಟ್ ಬದಲಾಗೋದೇ ಇಲ್ಲ. ಪ್ರೀಮಿಯರ್ ಪ್ರೊ ಸೀಕ್ವೆನ್ಸ್ (ಅಲ್ಲಿ ಟೈಮ್‌ಲೈನ್‌ಗೆ ಇರೋ ಹೆಸರು) ಸೆಟ್ಟಿಂಗ್‌ನಲ್ಲಿ ಬದಲಾಯಿಸೋಕೆ ಬಿಡತ್ತೆ ಸರಿ, ಆದ್ರೆ ಕಟ್‌ಗಳು ಒಂದೊಂದು ಫ್ರೇಮ್ ಆಚೆ ಈಚೆ ಸರಿದಿರತ್ತೆ, ಎಲ್ಲನೂ ಇನ್ನೊಂದ್ಸಲ ನೋಡ್ಲೇಬೇಕು. ಕೆಡೆನ್‌ಲೈವ್ ಮೊದಲನೇ ಕ್ಲಿಪ್ ಹಾಕಿದಾಗ ಪ್ರೊಫೈಲ್ ಬದಲಾಯಿಸ್ಲಾ ಅಂತ ಕೇಳತ್ತೆ, ಶಾಟ್‌ಕಟ್‌ನಲ್ಲಿ ವೀಡಿಯೋ ಮೋಡ್ ಆಟೋಮ್ಯಾಟಿಕ್ ಇದ್ರೆ ಕೇಳೋದೂ ಇಲ್ಲ, ಮೊದಲನೇ ಕ್ಲಿಪ್‌ದನ್ನೇ ತಗೊಂಡುಬಿಡತ್ತೆ.

ಯಾವ ಕ್ಲಿಪ್ ಮಾತು ಕೇಳ್ಬೇಕು?

ಮೂರು ದಾರಿ ಇದೆ. ಮೊದಲನೇ ಕ್ಲಿಪ್ ಏನಿದೆಯೋ ಅದು, ಇಲ್ಲ ಜಾಸ್ತಿ ಕ್ಲಿಪ್ ಯಾವ ರೇಟ್‌ದೋ ಅದು, ಇಲ್ಲ ಕೊನೆಗೆ ವೀಡಿಯೋ ಎಲ್ಲಿ ಹೋಗತ್ತೋ ಅಲ್ಲಿಗೆ ಬೇಕಾಗಿದ್ದು. ಮೊದಲನೇದು ದಾರಿನೇ ಅಲ್ಲ, ಎಲ್ಲ ಕ್ಲಿಪ್ ಒಂದೇ ಕ್ಯಾಮೆರಾದ್ದು ಆಗಿದ್ರೆ ಮಾತ್ರ ಪರವಾಗಿಲ್ಲ. ಮೂರನೇದು ನಿಮ್ಮ ಕೈಲಿ ಇರಲ್ಲ, ಟಿವಿ ಚಾನೆಲ್‌ನೋರು 25 ಕೇಳಿದ್ರೆ 25, ಇನ್ನೊಂದು ಟೀಮ್ 23.976 ಕೇಳಿದ್ರೆ ಅದೇ, ಪ್ರಶ್ನೆ ಮುಗೀತು. ಆದ್ರೆ ನಮ್ಮಲ್ಲಿ ಬಹಳ ಜನ ಮಾಡೋದು ಯೂಟ್ಯೂಬ್‌ಗೆ. ಅಲ್ಲಿ 24, 25, 30, 50, 60 ಯಾವುದಾದ್ರೂ ನಡಿಯತ್ತೆ, ಯಾವ ರೇಟ್‌ನಲ್ಲಿ ಶೂಟ್ ಆಗಿದೆಯೋ ಅದರಲ್ಲೇ ಅಪ್‌ಲೋಡ್ ಮಾಡಿ ಅಂತ ಅವರೇ ಹೇಳ್ತಾರೆ. ಹಾಗಾಗಿ ಉಳಿಯೋದು ಎರಡನೇ ದಾರಿ, ಅದರಲ್ಲೂ ನಾನು ಕ್ಲಿಪ್ ಎಷ್ಟು ಅಂತ ಎಣಿಸಲ್ಲ. ಫೈನಲ್ ವೀಡಿಯೋದಲ್ಲಿ ಯಾವುದು ಜಾಸ್ತಿ ಹೊತ್ತು ಕಾಣತ್ತೆ, ಯಾವುದರಲ್ಲಿ ಚಲನೆ ಜಾಸ್ತಿ, ಇವೆರಡು ನೋಡ್ತೀನಿ. ಟ್ರೈಪಾಡ್ ಮೇಲೆ ಕೂತು ಒಬ್ಬರು ಮಾತಾಡೋ ಕ್ಲಿಪ್ ಯಾವ ಟೈಮ್‌ಲೈನ್‌ನಲ್ಲೂ ಹೊಂದ್ಕೊಳ್ಳತ್ತೆ, ಒಂದು ಫ್ರೇಮ್ ಎರಡು ಸಲ ಬಂದ್ರೂ ಕಣ್ಣಿಗೆ ಬೀಳಲ್ಲ. ಸ್ಲೈಡ್ ತೋರಿಸೋ ಸ್ಕ್ರೀನ್ ರೆಕಾರ್ಡಿಂಗ್ ಅಂತೂ ಹೇಗೆ ಹಾಕಿದ್ರೂ ನಡಿಯತ್ತೆ. ಪ್ಯಾನ್ (ಕ್ಯಾಮೆರಾ ಪಕ್ಕಕ್ಕೆ ತಿರುಗೋ ಶಾಟ್), ನಡೀತಾ ತೆಗೆದ ಶಾಟ್, ಅಡ್ಡ ಹಾದುಹೋಗೋ ಗಾಡಿ, ಮೇಲಕ್ಕೆ ಸರಿಯೋ ಅಕ್ಷರ, ಇವು ಕ್ಷಮಿಸಲ್ಲ. ಕ್ಷಮಿಸದೇ ಇರೋ ಕ್ಲಿಪ್ ಯಾವ ರೇಟ್‌ನಲ್ಲಿದೆಯೋ ಟೈಮ್‌ಲೈನ್ ಅದೇ ಇರಲಿ.

ಯಾವ ರೇಟು ಯಾವುದರ ಜೊತೆ ಹೊಂದತ್ತೆ ಅನ್ನೋದು ಬರೀ ಭಾಗಾಕಾರ. 60ನ್ನ 30ರಲ್ಲಿ ಹಾಕಿದ್ರೆ ಒಂದು ಬಿಟ್ಟು ಒಂದು ಫ್ರೇಮ್ ಹೋಗತ್ತೆ, ನೀಟಾಗಿ ಬರತ್ತೆ. 50ನ್ನ 25ರಲ್ಲಿ ಹಾಕಿದ್ರೂ ಅಷ್ಟೇ. 30ನ್ನ 60ರಲ್ಲಿ ಹಾಕಿದ್ರೆ ಪ್ರತಿ ಫ್ರೇಮ್ ಎರಡು ಸಲ, ನೋಡೋಕೆ 30ರ ತರಾನೇ ಇರತ್ತೆ, ಹಾಳಾಗಲ್ಲ. ತೊಂದರೆ ಇರೋದು 25 ಮತ್ತು 30, 24 ಮತ್ತು 30, 60 ಮತ್ತು 24, ಇಂಥ ಜೋಡಿಗಳಲ್ಲಿ. 30ನ್ನ 25ರಲ್ಲಿ ಹಾಕಿದ್ರೆ ಆರು ಫ್ರೇಮಿಗೆ ಒಂದು ಮಾಯ ಆಗತ್ತೆ, ಆಗ ಮೈಕ್ ಸ್ಟ್ಯಾಂಡ್ ನಿಲ್ಲೋ ಬದಲು ಒಂದ್ಸಲ 16 ಪಿಕ್ಸೆಲ್ ಹಾರತ್ತೆ. ನನ್ನ ಕಣ್ಣಿಗೆ ನಿಲ್ಲೋದಕ್ಕಿಂತ ಹಾರೋದು ಸ್ವಲ್ಪ ಕಮ್ಮಿ ಕಾಣತ್ತೆ, ಅದಕ್ಕೇ 25 ಮತ್ತು 30 ಅರ್ಧ ಅರ್ಧ ಇದ್ದಾಗ ನಾನು 25ರ ಕಡೆ ವಾಲ್ತೀನಿ. ಇನ್ನೊಂದು ದಾರಿನೂ ಇದೆ, ಟೈಮ್‌ಲೈನ್‌ನ 60 ಮಾಡೋದು. 30ರ ಕ್ಲಿಪ್ ಸರಿಯಾಗಿ ಎರಡೆರಡಾಗಿ ಕೂರತ್ತೆ, 25ರ ಕ್ಲಿಪ್‌ನಲ್ಲಿ ಕೆಲವು ಫ್ರೇಮ್ ಎರಡು ಸಲ ಕೆಲವು ಮೂರು ಸಲ ಬರತ್ತೆ, ತಡವರಿಕೆ ಪೂರ್ತಿ ಹೋಗಲ್ಲ ಆದ್ರೆ ಅರ್ಧಕ್ಕರ್ಧ ಕಮ್ಮಿ ಆಗತ್ತೆ, ಯಾಕಂದ್ರೆ ಏರುಪೇರು ಈಗ ಒಂದು ಸೆಕೆಂಡಿನ 30ನೇ ಒಂದು ಭಾಗ ಅಲ್ಲ, 60ನೇ ಒಂದು ಭಾಗ. ಬದಲಿಗೆ ರೆಂಡರ್ (ಕೊನೆಯ ಫೈಲ್ ತಯಾರಾಗೋ) ಹೊತ್ತು ಮತ್ತು ಫೈಲ್ ಸೈಜ್ ಜಾಸ್ತಿ ಆಗತ್ತೆ, ಕಂಪ್ಯೂಟರ್ ಹಳೇದಾದ್ರೆ ಪ್ಲೇಬ್ಯಾಕ್ ತಿಣುಕತ್ತೆ.

29.97 ಮತ್ತು 30 ಬೇರೆ ಬೇರೆ ಅಂತ ತಲೆ ಕೆಡಿಸ್ಕೊಬೇಡಿ. 1953ರಲ್ಲಿ ಅಮೆರಿಕದಲ್ಲಿ ಕಲರ್ ಟಿವಿಗೆ ಎನ್‌ಟಿಎಸ್‌ಸಿ ಪದ್ಧತಿ ಬಂದಾಗ ಬಣ್ಣದ ಸಿಗ್ನಲ್ಲೂ ಧ್ವನಿ ಸಿಗ್ನಲ್ಲೂ ಒಂದಕ್ಕೊಂದು ಅಡ್ಡ ಬರಬಾರದು ಅಂತ 30ನ್ನ 1000ಕ್ಕೆ 1ರಷ್ಟು ಇಳಿಸಿದ್ರು, ಆ ಬಾಲ ಇವತ್ತಿಗೂ ಬಂದಿದೆ. ಒಂದನ್ನ ಇನ್ನೊಂದರ ಟೈಮ್‌ಲೈನ್‌ಗೆ ಹಾಕಿದ್ರೆ ಸುಮಾರು 33 ಸೆಕೆಂಡಿಗೆ ಒಂದು ಫ್ರೇಮ್ ಹೆಚ್ಚು ಕಮ್ಮಿ ಆಗತ್ತೆ, ಯಾರ ಕಣ್ಣಿಗೂ ಬೀಳಲ್ಲ. ಆದ್ರೆ ಪ್ರೀಮಿಯರ್‌ನಲ್ಲಿ ‘ಇಂಟರ್‌ಪ್ರೆಟ್ ಫೂಟೇಜ್’ಗೆ (ಕ್ಲಿಪ್‌ನ ಯಾವ ರೇಟ್ ಅಂತ ಓದ್ಬೇಕು ಅಂತ ಹೇಳೋ ಬಾಕ್ಸ್) ಹೋಗಿ 29.97ರ ಕ್ಲಿಪ್‌ಗೆ ನೀನು 30 ಅಂತ ಹೇಳಿಬಿಟ್ರೆ ಅದರ ವೇಗಾನೇ ಬದಲಾಗತ್ತೆ, ಬೇರೆ ರೆಕಾರ್ಡರ್‌ನಲ್ಲಿ ತೆಗೆದ ಆಡಿಯೋ ಜೊತೆ ಇಟ್ರೆ ಒಂದು ಗಂಟೆ ಹೊತ್ತಿಗೆ 3.6 ಸೆಕೆಂಡ್ ದೂರ ಹೋಗಿರತ್ತೆ. ಚಿಕ್ಕ ವ್ಯತ್ಯಾಸ ಅಂತ ಆ ಬಾಕ್ಸ್ ಮುಟ್ಟೋಕೆ ಹೋಗಬೇಡಿ.

ಹೊಂದದೇ ಇರೋ ಕ್ಲಿಪ್‌ನ ಹೊಂದಿಸೋ ನಾಲ್ಕು ಬಗೆ

ಏನೂ ಮುಟ್ಟದೆ ಬಿಟ್ರೆ ಬಹುತೇಕ ಸಾಫ್ಟ್‌ವೇರ್ ಮಾಡೋದು ಫ್ರೇಮ್ ಸ್ಯಾಂಪ್ಲಿಂಗ್, ರಿಸಾಲ್ವ್‌ನಲ್ಲಿ ಇದರ ಹೆಸರು ನಿಯರೆಸ್ಟ್. ಹತ್ತಿರದ ಫ್ರೇಮ್ ತಗೊಂಡು ಇಡತ್ತೆ ಅಷ್ಟೇ. ಪ್ರತಿ ಫ್ರೇಮೂ ಚೂಪಾಗಿರತ್ತೆ, ಚಲನೆ ತಡವರಿಸತ್ತೆ. ಜಾಸ್ತಿ ಅಲ್ಲಾಡದ ಕ್ಲಿಪ್‌ಗೆ ಇದೇ ಒಳ್ಳೇದು, ಏನೂ ಕೆಡಿಸಲ್ಲ.

ಎರಡನೇದು ಫ್ರೇಮ್ ಬ್ಲೆಂಡಿಂಗ್, ಎರಡು ಫ್ರೇಮ್ ಕಲಸಿ ನಡುವಿಂದು ಮಾಡೋದು. ತಡವರಿಕೆ ಕಮ್ಮಿ ಆಗತ್ತೆ ಆದ್ರೆ ಅಂಚುಗಳೆಲ್ಲ ಎರಡೆರಡಾಗಿ ನೆರಳಿನ ತರ ಕಾಣತ್ತೆ. ನೀರು, ಹೊಗೆ, ಮೋಡ, ದೂರದ ಗುಂಪು ಇದ್ರೆ ಚೆನ್ನಾಗಿರತ್ತೆ, ಮುಖ ಹತ್ತಿರದಲ್ಲಿದ್ರೆ ಬೇಡ.

ಮೂರನೇದು ಆಪ್ಟಿಕಲ್ ಫ್ಲೋ. ಪ್ರೀಮಿಯರ್, ರಿಸಾಲ್ವ್, ಫೈನಲ್ ಕಟ್ ಮೂರರಲ್ಲೂ ಇದೆ. ಯಾವ ಪಿಕ್ಸೆಲ್ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಲೆಕ್ಕ ಹಾಕಿ ಇಲ್ಲದೇ ಇರೋ ಫ್ರೇಮನ್ನ ಹೊಸದಾಗಿ ಬರೀತದೆ. ಸರಿ ಬಂದಾಗ ಇದರಷ್ಟು ಚೆಂದ ಯಾವುದೂ ಇಲ್ಲ, ಖಾಲಿ ಆಕಾಶದ ಮುಂದೆ ಒಂದು ಹಕ್ಕಿ ಹಾರೋ ಶಾಟ್ ಆದ್ರೆ ಬೆಣ್ಣೆ ತರ ಜಾರತ್ತೆ. ತಪ್ಪಿದ್ರೆ ಮಾತ್ರ ಎದ್ದು ಕಾಣತ್ತೆ. ನಾನು ನೋಡಿದ್ದು, ಒಬ್ಬರು ಗಿಟಾರ್ ಬಾರಿಸ್ತಾ ಇದಾರೆ, ಹಾಕ್ಕೊಂಡಿರೋದು ಪಟ್ಟೆ ಪಟ್ಟೆ ಶರ್ಟು, ಕೈ ಶರ್ಟಿನ ಮುಂದೆ ಹಾದಾಗ ಬೆರಳಿನ ಸುತ್ತ ಪಟ್ಟೆಗಳು ಕರಗಿದ ಮೇಣದ ತರ ಬಾಗಿ ಮತ್ತೆ ನೆಟ್ಟಗಾಗ್ತಿದ್ವು. ಸರಳಿನ ಹಿಂದೆ ನಡ್ಕೊಂಡು ಹೋಗೋ ಜನ, ಚಕ್ರದ ಕಡ್ಡಿ, ತಂತಿ, ಎಲೆ ಜಾಸ್ತಿ ಇರೋ ಗಿಡ, ಇಂಥವು ಇದ್ರೆ ಆಪ್ಟಿಕಲ್ ಫ್ಲೋ ಹಾಕೋಕೆ ಮುಂಚೆ ಹತ್ತು ಸೆಕೆಂಡ್ ರೆಂಡರ್ ಮಾಡಿ ನೋಡಿ. ಪೂರ್ತಿ ಪ್ರಾಜೆಕ್ಟ್‌ಗೆ ಒಂದೇ ಸಲ ಆನ್ ಮಾಡಬೇಡಿ, ಬೇಕಾದ ಕ್ಲಿಪ್‌ಗೆ ಮಾತ್ರ ಹಾಕಿ.

ನಾಲ್ಕನೇದು ಫ್ರೇಮ್ ಮುಟ್ಟದೆ ವೇಗಾನೇ ಬದಲಾಯಿಸೋದು, ಕನ್‌ಫಾರ್ಮ್ ಅಂತಾರೆ. ಜಾಸ್ತಿ ಜನ ಇದನ್ನ ಮರೀತಾರೆ, ನನಗೆ ಇದೇ ಎಲ್ಲಕ್ಕಿಂತ ಇಷ್ಟ. ರಿಸಾಲ್ವ್‌ನಲ್ಲಿ ಕ್ಲಿಪ್ ಆಟ್ರಿಬ್ಯೂಟ್ಸ್, ಪ್ರೀಮಿಯರ್‌ನಲ್ಲಿ ಇಂಟರ್‌ಪ್ರೆಟ್ ಫೂಟೇಜ್. 24ರ ಕ್ಲಿಪ್‌ನ 25 ಅಂತ ಓದಿಸಿದ್ರೆ ಸುಮಾರು 4 ಪರ್ಸೆಂಟ್ ಜೋರಾಗಿ ಓಡತ್ತೆ, ಸುಮ್ಮನೆ ನೋಡಿದ್ರೆ ಗೊತ್ತೂ ಆಗಲ್ಲ. 30ರದ್ದನ್ನ 25 ಅಂತ ಓದಿಸಿದ್ರೆ ವೇಗ 83 ಪರ್ಸೆಂಟ್‌ಗೆ ಇಳಿಯತ್ತೆ, ಬಿ-ರೋಲ್‌ಗೆ (ನಡುನಡುವೆ ಸೇರಿಸೋ ಪೂರಕ ಶಾಟ್‌ಗಳಿಗೆ) ಒಂದು ತರ ಮೃದುವಾದ ನಿಧಾನ ಸಿಗತ್ತೆ, ಮರ ಗಿಡ ನೀರು ರಸ್ತೆ ಎಲ್ಲ ಚೆನ್ನಾಗಿ ಕಾಣತ್ತೆ, ಮನುಷ್ಯರು ನಡೆಯೋದು ಸ್ವಲ್ಪ ಭಾರ ಅನ್ಸತ್ತೆ. 60ನ್ನ 24 ಮಾಡಿದ್ರೆ 40 ಪರ್ಸೆಂಟ್, ಪೂರ್ತಿ ಸ್ಲೋ ಮೋಷನ್. ಒಂದು ಫ್ರೇಮೂ ಹೆಚ್ಚಲ್ಲ ಒಂದೂ ಕಮ್ಮಿ ಅಲ್ಲ, ಆದ್ದರಿಂದ ತಡವರಿಕೆ ಅನ್ನೋದೇ ಇಲ್ಲ. ಧ್ವನಿ ಬೇಕಾಗಿರೋ ಕ್ಲಿಪ್‌ಗೆ ಇದನ್ನ ಮಾಡೋಕಾಗಲ್ಲ, ಮಾತಿನ ವೇಗ ತಪ್ಪತ್ತೆ, ತುಟಿ ಒಂದು ಕಡೆ ಧ್ವನಿ ಒಂದು ಕಡೆ. ಧ್ವನಿ ಬೇಡದ ಕ್ಲಿಪ್ ಆದ್ರೆ ಬೇರೆ ಮೂರೂ ಬಿಟ್ಟು ಇದನ್ನೇ ಮಾಡಿ.

ಫೋನ್ ಕ್ಲಿಪ್‌ನ ಹಾಗೇ ಹಾಕೋದಾ, ಕನ್ವರ್ಟ್ ಮಾಡೋದಾ

ಫೋನು ತೆಗೆಯೋ ವೀಡಿಯೋ 30 ಅಂತ ಬರೆದಿದ್ರೂ ಬಹಳ ಸಲ ನಿಜಕ್ಕೂ ಸಮನಾದ 30 ಇರಲ್ಲ. ಬೆಳಕು ಕಮ್ಮಿ ಆದಾಗ, ಪ್ರೊಸೆಸರ್ ಬಿಸಿ ಆದಾಗ ಫ್ರೇಮ್‌ಗಳ ನಡುವಿನ ಅಂತರ ಏರುಪೇರಾಗತ್ತೆ. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಅಂತಾರೆ. ಆಡಿಯೋ ಮಾತ್ರ ಒಂದೇ ಸಮ ಓಡ್ತಾ ಇರತ್ತೆ. ಎಡಿಟಿಂಗ್ ಸಾಫ್ಟ್‌ವೇರ್ ಇದನ್ನ ಸಮನಾದ ರೇಟ್ ಅಂದ್ಕೊಂಡು ಲೆಕ್ಕ ಹಾಕಿದ್ರೆ ಮೊದಲ ನಿಮಿಷ ಸರಿ ಇರತ್ತೆ, ಹತ್ತನೇ ನಿಮಿಷಕ್ಕೆ ಡ್ರಮ್ಮರ್ ಕೋಲು ಮೇಲೆ ಇರೋವಾಗ್ಲೇ ಸದ್ದು ಬಂದಿರತ್ತೆ. ಇದನ್ನ ಆಡಿಯೋ ಸರಿಸಿ ಸರಿ ಮಾಡೋಕೆ ಹೋಗ್ತಾರೆ ಜನ, ಒಂದು ಕಡೆ ಸರಿ ಆದ್ರೆ ಇನ್ನೊಂದು ಕಡೆ ತಪ್ಪತ್ತೆ.

ಮೀಡಿಯಾಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದರಲ್ಲಿ ಕ್ಲಿಪ್ ಹಾಕಿ ‘ಫ್ರೇಮ್ ರೇಟ್ ಮೋಡ್’ ಅನ್ನೋ ಸಾಲು ನೋಡಿ. ಕಾನ್‌ಸ್ಟಂಟ್ ಅಂತಿದ್ರೆ ಹಾಗೇ ಹಾಕಿ. ವೇರಿಯಬಲ್ ಅಂತಿದ್ರೆ, ಹತ್ತು ಹದಿನೈದು ಸೆಕೆಂಡಿನ ತುಣುಕು, ಧ್ವನಿ ಬೇಡ ಅನ್ನೋದಾದ್ರೆ ಆಗ್ಲೂ ಹಾಗೇ ಹಾಕಿ, ಪರವಾಗಿಲ್ಲ. ಉದ್ದದ ಕ್ಲಿಪ್, ಮಾತು ಅಥವಾ ಹಾಡು ಇರೋದು ಅಂದ್ರೆ ಎಡಿಟ್ ಶುರು ಮಾಡೋಕೆ ಮುಂಚೆ ಕನ್ವರ್ಟ್ ಮಾಡಿ. ಹ್ಯಾಂಡ್‌ಬ್ರೇಕ್ ಅನ್ನೋ ಕನ್ವರ್ಟ್ ಮಾಡೋ ಸಾಫ್ಟ್‌ವೇರ್‌ನಲ್ಲಿ ವೀಡಿಯೋ ಟ್ಯಾಬ್‌ಗೆ ಹೋಗಿ ಫ್ರೇಮ್ ರೇಟ್ ಜಾಗದಲ್ಲಿ ‘ಸೇಮ್ ಆಸ್ ಸೋರ್ಸ್’ ಬಿಟ್ಟು 30 ಅಥವಾ 29.97 ಅಂತ ನಂಬರೇ ಆರಿಸಿ, ಕೆಳಗೆ ಕಾನ್‌ಸ್ಟಂಟ್ ಆರಿಸಿ, ಕ್ವಾಲಿಟಿ ಆರ್‌ಎಫ್ 16ರಿಂದ 18ರ ಒಳಗೆ ಇಡಿ, ಇಲ್ಲಿ ನಂಬರ್ ಕಮ್ಮಿ ಆದಷ್ಟೂ ಕ್ವಾಲಿಟಿ ಜಾಸ್ತಿ. ಜಾಗ ಇದೆ ಅಂದ್ರೆ ಶಟರ್ ಎನ್‌ಕೋಡರ್ ಅನ್ನೋ ಇನ್ನೊಂದು ಕನ್ವರ್ಟರ್‌ನಲ್ಲಿ ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ (ಎಡಿಟಿಂಗ್‌ಗೆ ಅಂತಲೇ ಇರೋ ಫಾರ್ಮ್ಯಾಟ್‌ಗಳು) ಮಾಡ್ಕೊಳ್ಳಿ, ಫೈಲ್ ಬಹಳ ದೊಡ್ಡದಾಗತ್ತೆ ಆದ್ರೆ ಟೈಮ್‌ಲೈನ್ ಸರಾಗವಾಗಿ ಓಡತ್ತೆ. ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಇಂಥ ಕ್ಲಿಪ್ ಬಂದಾಗ ತಾವೇ ಕನ್ವರ್ಟ್ ಮಾಡ್ಲಾ ಅಂತ ಕೇಳ್ತವೆ, ಕೇಳಿದ್ರೆ ಒಪ್ಕೊಳ್ಳಿ. ಅರ್ಧ ಎಡಿಟ್ ಆದ ಮೇಲೆ ಕನ್ವರ್ಟ್ ಮಾಡಿ ಫೈಲ್ ಬದಲಾಯಿಸಿದ್ರೆ ಕಟ್‌ಗಳು ಜಾಗ ತಪ್ಪಬಹುದು, ಅದಕ್ಕೇ ಮುಂಚೆನೇ ಅಂತ ಹೇಳಿದ್ದು.

ಸೈಜು: 1080 ಟೈಮ್‌ಲೈನಾ, 4ಕೆ ಟೈಮ್‌ಲೈನಾ

3840×2160 ಅಂದ್ರೆ 1920×1080ರ ನಾಲ್ಕು ಪಟ್ಟು ಪಿಕ್ಸೆಲ್. 1080 ಕ್ಲಿಪ್‌ನ 4ಕೆ ಟೈಮ್‌ಲೈನ್‌ನಲ್ಲಿ ಹಾಕಿದ್ರೆ 200 ಪರ್ಸೆಂಟ್‌ಗೆ ಹಿಗ್ಗಿಸ್ಬೇಕು, ಪಕ್ಕದಲ್ಲೇ ನಿಜವಾದ 4ಕೆ ಕ್ಲಿಪ್ ಬಂದಾಗ ಮಂಜು ಕವಿದ ಹಾಗೆ ವ್ಯತ್ಯಾಸ ಎದ್ದು ಕಾಣತ್ತೆ. ಜಾಸ್ತಿ ಕ್ಲಿಪ್ 1080 ಇದ್ರೆ ಟೈಮ್‌ಲೈನೂ 1080 ಇರಲಿ, 4ಕೆ ಕ್ಲಿಪ್ ಇರೋದು ಆಗ ಲಾಭಕ್ಕೆ, ಅದರೊಳಗೆ ಎರಡು ಪಟ್ಟು ಜೂಮ್ ಮಾಡಿದ್ರೂ ಚೂಪು ಹೋಗಲ್ಲ, ಒಂದೇ ಕ್ಯಾಮೆರಾದಿಂದ ಒಂದು ವೈಡ್ ಒಂದು ಕ್ಲೋಸ್ ಸಿಗತ್ತೆ. ಇಲ್ಲಿ ಪ್ರೀಮಿಯರ್ ಬಳಸೋರು ಒಂದು ವಿಷಯ ಗಮನದಲ್ಲಿಡಿ. ‘ಸ್ಕೇಲ್ ಟು ಫ್ರೇಮ್ ಸೈಜ್’, ‘ಸೆಟ್ ಟು ಫ್ರೇಮ್ ಸೈಜ್’ (ಹೊಸ ವರ್ಷನ್‌ನಲ್ಲಿ ಹೆಸರು ಬೇರೆ ಇರಬಹುದು) ಎರಡೂ ನೋಡೋಕೆ ಒಂದೇ. ಸ್ಕೇಲ್ ಒತ್ತಿದ್ರೆ ಮೊದಲು 1080ಕ್ಕೆ ಇಳಿಸಿ ಆಮೇಲೆ ನಿಮ್ಮ ಜೂಮ್ ಹಾಕತ್ತೆ, 4ಕೆ ಇದ್ದಿದ್ದೂ ವ್ಯರ್ಥ. ಸೆಟ್ ಒತ್ತಿದ್ರೆ ಸ್ಕೇಲ್ ನಂಬರ್ 50 ಆಗತ್ತೆ ಅಷ್ಟೇ, ಪಿಕ್ಸೆಲ್ ಎಲ್ಲ ಉಳಿದಿರತ್ತೆ. ಸೆಟ್ ಬಳಸಿ.

ರಿಸಾಲ್ವ್‌ನಲ್ಲಿ ಸೈಜ್ ಆಮೇಲೂ ಬದಲಾಯಿಸ್ಬಹುದು, 1080ರಲ್ಲಿ ಎಡಿಟ್ ಮಾಡಿ ಕೊನೆಗೆ 2160 ಮಾಡಿದ್ರೆ ಮೂಲ ಫೈಲ್‌ನಿಂದಲೇ ಮತ್ತೆ ತಗೊಳ್ಳತ್ತೆ. ಕಂಪ್ಯೂಟರ್ ದುರ್ಬಲ ಇರೋರಿಗೆ ಇದು ದೊಡ್ಡ ಅನುಕೂಲ. ಫ್ರೀ ವರ್ಷನ್‌ನಲ್ಲಿ 3840×2160, 60 ಎಫ್‌ಪಿಎಸ್‌ವರೆಗೆ ರೆಂಡರ್ ಆಗತ್ತೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು.

ನೆಟ್ಟಗೆ ಹಿಡಿದು ತೆಗೆದ 1080×1920 ಕ್ಲಿಪ್‌ಗೆ ಎರಡೇ ದಾರಿ ಅಂತ ಅಂದ್ಕೊತೀವಿ, ಫಿಟ್ (ಪೂರ್ತಿ ಕಾಣೋ ಹಾಗೆ ಕೂರಿಸೋದು) ಇಲ್ಲ ಫಿಲ್ (ಫ್ರೇಮ್ ತುಂಬೋ ಹಾಗೆ ಹಿಗ್ಗಿಸೋದು). ಫಿಟ್ ಮಾಡಿದ್ರೆ 1920 ಅಗಲದ ಫ್ರೇಮಲ್ಲಿ ಅದಕ್ಕೆ ಸಿಗೋದು 608 ಪಿಕ್ಸೆಲ್ ಅಗಲ, ಮೂರನೇ ಒಂದು ಭಾಗಕ್ಕಿಂತಲೂ ಕಮ್ಮಿ, ಎರಡೂ ಪಕ್ಕ ಕಪ್ಪು ಇಲ್ಲ ಅಂದ್ರೆ ಮಸುಕು ಮಾಡಿದ ಹಿನ್ನೆಲೆ. ಫಿಲ್ ಮಾಡಿದ್ರೆ 178 ಪರ್ಸೆಂಟ್ ಹಿಗ್ಗಿ, ಎತ್ತರದಲ್ಲಿ ಮೂರನೇ ಒಂದು ಭಾಗ ಮಾತ್ರ ಉಳಿಯತ್ತೆ, ನಿಂತಿರೋರ ತಲೆ ಅಥವಾ ಕಾಲು ಹೋಯ್ತು. ನನಗೆ ಚೆನ್ನಾಗಿ ಬಂದಿದ್ದು ಮೂರನೇ ದಾರಿ, ಇಂಥ ಕ್ಲಿಪ್ ಎರಡು ಇದ್ರೆ ಪಕ್ಕ ಪಕ್ಕ ಇಡೋದು. ಒಂದೊಂದಕ್ಕೆ 960 ಅಗಲ, ಸ್ಕೇಲ್ 89 ಪರ್ಸೆಂಟ್, ಹಿಗ್ಗಿಸೋ ಪ್ರಶ್ನೆನೇ ಬರಲ್ಲ, ಮೇಲೆ ಕೆಳಗೆ ಸೇರಿ ಮಾತ್ರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಕಟ್ ಆಗತ್ತೆ. ಮೂರು ಇದ್ರೆ ಇನ್ನೂ ಒಳ್ಳೇದು, ಮೂರೂ ಪೂರ್ತಿ ಎತ್ತರದಲ್ಲಿ ಕೂತು ನಡುವೆ ಸಣ್ಣ ಗೆರೆಯಷ್ಟು ಜಾಗ ಉಳಿಯತ್ತೆ. ಇದೇ ಉಲ್ಟಾ, ಕೊನೆಯ ವೀಡಿಯೋ ಶಾರ್ಟ್ಸ್‌ಗೆ 1080×1920 ಬೇಕು, ಕ್ಲಿಪ್ ಅಡ್ಡ ಇದೆ ಅಂದ್ರೆ 4ಕೆ ಕ್ಲಿಪ್ ಮಾತ್ರ ಹಿಗ್ಗಿಸದೆ ತುಂಬತ್ತೆ, 1080 ಕ್ಲಿಪ್ ತುಂಬಿಸಿದ್ರೆ ಮಸುಕು ಕಾಣತ್ತೆ.

ಯಾವುದೇ ಕಾರಣಕ್ಕೂ ಸ್ಟ್ರೆಚ್ ಮಾಡಬೇಡಿ. ಹಳೇ ಡಿವಿ ಅಥವಾ ಎಚ್‌ಡಿವಿ ಟೇಪಿನ ಕ್ಲಿಪ್ ಅಗಲ ತಪ್ಪಾಗಿ ಕಂಡ್ರೆ ಅದರ ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೋ (ಒಂದು ಪಿಕ್ಸೆಲ್‌ನ ಅಗಲಕ್ಕೂ ಎತ್ತರಕ್ಕೂ ಇರೋ ಅನುಪಾತ) ಸರಿ ಮಾಡಿ, ಎಚ್‌ಡಿವಿ 1440×1080 ಆದ್ರೆ ಅದು 1.33. ಟೇಪಿನದ್ದು ಸಾಮಾನ್ಯವಾಗಿ ಇಂಟರ್‌ಲೇಸ್ಡ್ ಆಗಿರತ್ತೆ, ಅಂದ್ರೆ ಪ್ರತಿ ಫ್ರೇಮೂ ಸಾಲು ಬಿಟ್ಟು ಸಾಲು ಎರಡು ಫೀಲ್ಡ್ ಆಗಿ ದಾಖಲಾಗಿರತ್ತೆ, ಚಲನೆ ಇರೋ ಕಡೆ ಬಾಚಣಿಗೆ ಹಲ್ಲಿನ ತರ ಗೆರೆ ಕಾಣತ್ತೆ, ಡಿವಿಗೆ ಲೋವರ್ ಫೀಲ್ಡ್ ಮೊದಲು, ಎಚ್‌ಡಿಗೆ ಅಪ್ಪರ್ ಮೊದಲು ಅಂತ ಇಟ್ಟು ಡೀಇಂಟರ್‌ಲೇಸ್ ಮಾಡಿ.

ಬಣ್ಣ, ಧ್ವನಿ

ಐಫೋನ್ 12ರಿಂದ ಈಚೆಗೆ ಐಫೋನ್‌ಗಳು ಎಚ್‌ಡಿಆರ್ ವೀಡಿಯೋ (ಬೆಳಕು ನೆರಳಿನ ವ್ಯಾಪ್ತಿ ಜಾಸ್ತಿ ಇರೋದು) ತೆಗೀತವೆ, ಅದರ ಬುಡ ಎಚ್‌ಎಲ್‌ಜಿ ಅನ್ನೋ ಎಚ್‌ಡಿಆರ್ ಪದ್ಧತಿ. ಅದನ್ನ ಸಾಮಾನ್ಯ ರೆಕ್ 709 (ಮಾಮೂಲಿ ಎಚ್‌ಡಿ ವೀಡಿಯೋದ ಬಣ್ಣದ ಮಾನದಂಡ) ಟೈಮ್‌ಲೈನ್‌ಗೆ ಹಾಗೇ ಹಾಕಿದ್ರೆ ಮುಖದ ಮೇಲೆ ಬಿಳುಪು ಹೊಡಿಯತ್ತೆ, ಇಲ್ಲ ಬಣ್ಣ ತೊಳೆದ ಹಾಗಿರತ್ತೆ. ಬೇರೆ ಕ್ಯಾಮೆರಾಗಳೆಲ್ಲ ಸಾಮಾನ್ಯ ಇದ್ರೆ ಟೈಮ್‌ಲೈನ್ ರೆಕ್ 709 ಇಟ್ಟು ಎಚ್‌ಡಿಆರ್ ಕ್ಲಿಪ್‌ನ ಕೆಳಗಿಳಿಸೋದೇ ಸರಿ. ರಿಸಾಲ್ವ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಆನ್ ಮಾಡಿ ಆ ಕ್ಲಿಪ್‌ಗೆ ಇನ್‌ಪುಟ್ ಕಲರ್ ಸ್ಪೇಸ್ ಎಚ್‌ಎಲ್‌ಜಿ ಅಂತ ಹೇಳಿದ್ರೆ ಸಾಕು. ಕೈಯಲ್ಲಿ ಎಕ್ಸ್‌ಪೋಶರ್ ಇಳಿಸಿ ಕಾಂಟ್ರಾಸ್ಟ್ ಏರಿಸಿ ಹೊಂದಿಸೋಕೆ ಹೋದ್ರೆ ಒಂದು ಶಾಟ್‌ಗೆ ಸರಿ ಹೋಗತ್ತೆ, ಮುಂದಿನದಕ್ಕೆ ಹೋಗಲ್ಲ. ಶೂಟ್ ಮಾಡೋರಿಗೆ ಮುಂಚೆನೇ ಹೇಳೋ ಅವಕಾಶ ಇದ್ರೆ ಎಚ್‌ಡಿಆರ್ ಆಫ್ ಮಾಡಿ ಅಂತ ಹೇಳಿ.

ಧ್ವನಿ 48 ಕಿಲೋಹರ್ಟ್ಜ್ ಇಡಿ. ಹಾಡಿನ ಫೈಲ್ 44.1 ಇದ್ರೂ ಸಾಫ್ಟ್‌ವೇರ್ ತಾನೇ ಹೊಂದಿಸ್ಕೊಳ್ಳತ್ತೆ.

ಎಕ್ಸ್‌ಪೋರ್ಟ್ ಮಾಡೋವಾಗ ಫ್ರೇಮ್ ರೇಟ್ ಟೈಮ್‌ಲೈನ್‌ದೇ ಇದೆಯಾ ನೋಡಿ. ಪ್ರೀಸೆಟ್ (ಮೊದಲೇ ಮಾಡಿಟ್ಟ ಸೆಟ್ಟಿಂಗ್) ಆರಿಸಿದಾಗ ಅದು ಸದ್ದಿಲ್ಲದೆ 30 ಅಂತ ಹಾಕಿರಬಹುದು, ಅಲ್ಲಿವರೆಗೆ ಮಾಡಿದ್ದೆಲ್ಲ ಆ ಒಂದು ಬಾಕ್ಸ್‌ನಲ್ಲಿ ಕೆಡತ್ತೆ. ರೆಂಡರ್ ಆದ ಫೈಲನ್ನ ಮೀಡಿಯಾಇನ್ಫೋದಲ್ಲಿ ಒಂದ್ಸಲ ಹಾಕಿ, ಆಮೇಲೆ ಎರಡು ಜಾಗ ದೊಡ್ಡ ಸ್ಕ್ರೀನಲ್ಲಿ ನೋಡಿ. ಒಂದು, ಎಲ್ಲಕ್ಕಿಂತ ನಿಧಾನಕ್ಕೆ ಸಾಗೋ ಪ್ಯಾನ್. ಇನ್ನೊಂದು, ಉದ್ದದ ಫೋನ್ ಕ್ಲಿಪ್‌ನ ಕೊನೇ ನಿಮಿಷ, ತುಟಿ ಮತ್ತು ಧ್ವನಿ. ಮೊದಲ ನಿಮಿಷ ನೋಡಿ ಸಮಾಧಾನ ಪಟ್ಕೊಬೇಡಿ, ಅಲ್ಲಿ ಯಾವಾಗಲೂ ಸರಿನೇ ಇರತ್ತೆ.